ಕರಿ ಅರಿವಿ ಬಿಚ್ಚಿದವಳು

ಅಫಜಲಪುರಕ್ಕೆ ಬಂದ ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ನನ್ನ ಸ್ನಾನ ಅರ್ಧ ಮುಗಿದಿತ್ತು. ತಂಬಿಗೆ ಅದ್ದಿ ಅದ್ದಿ ಸುರಿದುಕೊಳ್ಳುತ್ತಿದ್ದ ನೀಲಿ ಡ್ರಮ್ಮಿನ ಪಕ್ಕೆಯಲ್ಲಿ ಹರಿದುಳಿದ ಒಂದು ಚೀಟಿ ಕಣ್ಣಿಗೆ ಬಿತ್ತು. ಕೆಂಪು ಅಂಚಿನ ಚೌಕಟ್ಟು, ಒಳಗೊಂದು ಅಂಗೈ, ಅದರ ಮೇಲೆ ಹನಿ ಬಿದ್ದು ಚರ್ಮ ಕರಗುತ್ತಿರುವ ಚಿತ್ರ. ಹನ್ನೊಂದು ವರ್ಷ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ದುಡಿದವಳಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಮುಟ್ಟಿದರೆ ಸುಡುವ ಪದಾರ್ಥ. ನಾನು ಅದರ ನೀರನ್ನು ತಲೆಗೆ ಹಾಕಿಕೊಂಡಿದ್ದೆ.

ಬಾಗಿಲು ಸ್ವಲ್ಪವೇ ತೆರೆದು ಕೂಗಿದೆ. "ಚಾಚಿ, ಇದು ಆಸಿಡ್ ಡ್ರಮ್ಮು!"

ಮನೆಯೊಡತಿ ರೆಹಾನಾ ಚಾಚಿ ಒಲೆಯ ಮುಂದಿನಿಂದ ಏಳಲೂ ಇಲ್ಲ. "ಹೌದವ್ವ, ಆಸಿಡ್ ಡ್ರಮ್ಮೇ ಅದ. ಆರು ವರ್ಷದಿಂದ ಅದರಾಗಿನ ನೀರಿಲೇ ಜಳಕ ಮಾಡಾಕತ್ತೇವಿ. ನಿಮ್ಮ ಚಾಚಾ ತಂದಾರ, ತೊಳದು ತಂದಾರ. ನೀ ಮೊದಲ ನೀರ ಹಾಕ್ಕೊ, ಥಂಡಿ ಹಿಡೀತದ."

ಸೋಪಿನ ನೊರೆ ಮೈಮೇಲೆ ಒಣಗುತ್ತಿತ್ತು. ಬೇರೆ ನೀರು ಮನೆಯಲ್ಲಿರಲಿಲ್ಲ. ಕಣ್ಣು ಮುಚ್ಚಿ ಇನ್ನೆರಡು ತಂಬಿಗೆ ಸುರಿದುಕೊಂಡು ಹೊರಗೆ ಬಂದೆ. ಅಂದೇ ರೈಲು ಹತ್ತಿ ವಾಪಸ್ಸು ಹೋಗಿಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ನಾನು ಮದ್ದೂರು ಸೀಮೆಯವಳು. ಮದುವೆ ಮುರಿದು ಎರಡು ವರ್ಷವಾಗಿತ್ತು. ಊರಿನಲ್ಲಿ ನಾನು ತರಕಾರಿ ತರಲು ಹೋದರೂ ಹತ್ತು ಕಣ್ಣು ನನ್ನ ಚೀಲ ಎಣಿಸುತ್ತಿದ್ದವು. ಭೀಮಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಲ್ಯಾಬಿನ ಜೊತೆಗೆ ಸುರಕ್ಷತೆಯ ಹೊಣೆಯನ್ನೂ ಕೊಡುತ್ತಾರೆ ಅಂದಾಗ ನಕಾಶೆಯನ್ನೂ ನೋಡದೆ ಒಪ್ಪಿಕೊಂಡೆ. ಕಾರ್ಖಾನೆಯ ಹೆಸರು ಇಲ್ಲಿ ಬೇಡ. ಅದರ ಸ್ಟೋರ್ ನೋಡಿಕೊಳ್ಳುತ್ತಿದ್ದ ಮಹಿಬೂಬ್ ಚಾಚಾ ಅಫಜಲಪುರದ ತಮ್ಮ ಮನೆಯಲ್ಲಿ ಒಂದು ಕೋಣೆ ಕೊಟ್ಟರು. ಒಂಟಿ ಹೆಂಗಸಿಗೆ ಮನೆ ಕೊಡಲು ಮೂರು ಕಡೆ ಮೂಗು ಮುರಿದ ಮೇಲೆ ಸಿಕ್ಕ ಕೋಣೆ ಅದು. ಚಾಚಾ, ಚಾಚಿ ಎಂದು ಕರೆಯಲು ಹೇಳಿದವರೂ ಅವರೇ. ತಮ್ಮೊಳಗೆ ದಖನಿ ಉರ್ದು, ನನ್ನ ಜೊತೆ ಕನ್ನಡ. ಅವರ ಕನ್ನಡ ನನಗೆ ಅರ್ಥವಾಗಲು ಎರಡು ವಾರ ಹಿಡಿಯಿತು, ನನ್ನದು ಅವರಿಗೆ ಇಂದಿಗೂ ಹಾಡಿನ ಹಾಗೆ ಕೇಳುತ್ತದಂತೆ.

ನಮ್ಮ ಕಡೆಯವರಿಗೆ ಡ್ರಮ್ಮಿನ ಮಾತು ಬಿಡಿಸಿ ಹೇಳಬೇಕು. ನಮ್ಮಲ್ಲಿ ನಾಲೆ ತುಂಬಿ ಹರಿಯುತ್ತದೆ, ಹಿತ್ತಲ ಕೊಳಾಯಿ ತಿರುಗಿಸಿದರೆ ನೀರು. ನಾನಿರುವ ಬೀದಿಯಲ್ಲಿ ನಲ್ಲಿಗೆ ನೀರು ಬಂತೆಂದರೆ ಮಾತಾಡುತ್ತಾ ನಿಂತವರು ಮಾತನ್ನು ಅರ್ಧಕ್ಕೇ ಬಿಟ್ಟು ಓಡುತ್ತಾರೆ. ಸಿಕ್ಕ ದಿನ ತುಂಬಿಟ್ಟುಕೊಳ್ಳಬೇಕು. ಹಾಗಾಗಿ ಇನ್ನೂರು ಲೀಟರಿನ ನೀಲಿ ಡ್ರಮ್ಮು ಇಲ್ಲಿ ಮನೆಯ ಆಸ್ತಿ. ಕಾರ್ಖಾನೆಯಲ್ಲಿ ಖಾಲಿಯಾದ ಡ್ರಮ್ಮುಗಳನ್ನು ಕಾರ್ಮಿಕರಿಗೆ ಪಾಳಿಯ ಪ್ರಕಾರ ಕೊಡುವ ರೂಢಿ ಎಷ್ಟೋ ವರ್ಷದಿಂದ ಇತ್ತು. ಯಾರ ಮನೆಯಲ್ಲಾದರೂ ಮದುವೆಯಿದ್ದರೆ ಪಾಳಿ ಬಿಟ್ಟು ಎರಡು ಡ್ರಮ್ಮು ಅವರಿಗೆ. ಮದುವೆಯ ಡ್ರಮ್ಮು ಎಂದೇ ಅದಕ್ಕೆ ಹೆಸರು. ಮ್ಯಾನೇಜರರಿಗೂ ಗೊತ್ತಿತ್ತು, ಯಾರೂ ಬೇಡವೆಂದಿರಲಿಲ್ಲ.

ಯಾವ ಡ್ರಮ್ಮು ಮನೆಗೆ ಹೋಗಬಹುದು, ಯಾವುದು ಹೋಗಬಾರದು ಎಂಬುದನ್ನು ಚಾಚಾ ತೀರ್ಮಾನಿಸುತ್ತಿದ್ದರು. ಹೋಗಬಾರದ ಡ್ರಮ್ಮಿನ ಹಿಡಿಕೆಗೆ ಹರಿದ ಛತ್ರಿಯಿಂದ ಕತ್ತರಿಸಿದ ಕರಿ ಅರಿವಿ ಕಟ್ಟುತ್ತಿದ್ದರು. ಅರಿವಿ ಅಂದರೆ ಬಟ್ಟೆ. ಸ್ಟೋರಿನ ಹಿಂದೆ ಸಾಲಾಗಿ ನಿಂತ ಡ್ರಮ್ಮುಗಳಲ್ಲಿ ಕೆಲವಕ್ಕೆ ಕರಿ ಚಿಂದಿ ನೇತಾಡುವುದನ್ನು ಮೊದಲ ಸಲ ಕಂಡಾಗ ದೃಷ್ಟಿ ನಿವಾರಣೆಗೆ ಕಟ್ಟಿದ್ದಾರೆ ಎಂದುಕೊಂಡು ಒಳಗೊಳಗೇ ನಕ್ಕಿದ್ದೆ. ನನ್ನ ಬಚ್ಚಲಿನದು ಫಾಸ್ಪರಿಕ್ ಆಸಿಡ್ಡಿನ ಡ್ರಮ್ಮು, ಕಬ್ಬಿನ ರಸ ತಿಳಿಯಾಗಿಸಲು ಬಳಸುವಂಥದ್ದು. ಚೆನ್ನಾಗಿ ತೊಳೆದರೆ ಕೆಡುಕಿಲ್ಲ. ಅದಕ್ಕೆ ಅವರು ಕರಿ ಅರಿವಿ ಕಟ್ಟಿರಲಿಲ್ಲ. ಅಷ್ಟರಮಟ್ಟಿಗೆ ಅವರ ಲೆಕ್ಕ ಸರಿಯಾಗಿತ್ತು ಎಂಬುದು ನನಗೆ ಹೊಳೆಯಲು ತಿಂಗಳುಗಳೇ ಬೇಕಾದವು.

ನನ್ನ ಕೈಗೆ ಬಂದದ್ದು ಬೇರೆಯೇ ಸರಂಜಾಮು. ಪ್ರತಿ ರಾಸಾಯನಿಕದ ಜೊತೆಗೂ ತಯಾರಕರು ಒಂದು ಸುರಕ್ಷತಾ ಮಾಹಿತಿ ಹಾಳೆ ಕಳಿಸುತ್ತಾರೆ. ಹದಿನಾರು ಭಾಗ. ಎರಡನೆಯದರಲ್ಲಿ ಅಪಾಯ ಏನು ಎಂದಿರುತ್ತದೆ, ನಾಲ್ಕನೆಯದರಲ್ಲಿ ತಗುಲಿದರೆ ಏನು ಮಾಡಬೇಕು, ಎಂಟನೆಯದರಲ್ಲಿ ಯಾವ ಕೈಗವಸು, ಹದಿಮೂರನೆಯದರಲ್ಲಿ ಖಾಲಿ ಡಬ್ಬಿಯನ್ನು ಏನು ಮಾಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ನಮ್ಮ ಕಾರ್ಖಾನೆಯಲ್ಲಿ ಈ ಹಾಳೆಗಳೆಲ್ಲ ಒಂದು ಪ್ಲಾಸ್ಟಿಕ್ ಫೈಲಿನಲ್ಲಿದ್ದವು, ಫೈಲು ಬೀರುವಿನಲ್ಲಿತ್ತು, ಬೀರುವಿನ ಕೀಲಿಕೈ ಮ್ಯಾನೇಜರರ ಮೇಜಿನಲ್ಲಿತ್ತು.

ನನಗೆ ಸಿಟ್ಟು ಬಂತು. ಸಿಟ್ಟು ನನಗೆ ಬೇಗ ಬರುತ್ತದೆ. ಎರಡು ತಿಂಗಳು ಕೂತು ಆ ಹಾಳೆಗಳ ಸಾರವನ್ನು ಕನ್ನಡಕ್ಕೆ ತಂದೆ. ದೊಡ್ಡಕ್ಷರದಲ್ಲಿ ಬರೆದು ಗೋಡೆಗೆ ಹಚ್ಚಿದೆ. ಅಪಾಯದ ಚಿತ್ರಗಳನ್ನು ತೋರಿಸಿ ಪಾಠ ಮಾಡಿದೆ. ಮನುಷ್ಯನ ಎದೆಯಲ್ಲಿ ನಕ್ಷತ್ರ ಒಡೆದಂತಿರುವ ಚಿತ್ರವೊಂದಿದೆ. ದೇಹದೊಳಗೆ ನಿಧಾನವಾಗಿ ರೋಗ ಬೆಳೆಸುವ ವಸ್ತು ಎಂದು ಅದರ ಅರ್ಥ. ಇದೇನು ಎಂದು ಕೇಳಿದಾಗ ಕಬ್ಬಿನ ಗಾಡಿ ತೂಗುವ ಶರಣಪ್ಪ ಹೇಳಿದ, "ಎದಿಯೊಳಗ ಚುಕ್ಕಿ ಹೊಳ್ಯಾಕತ್ತದ್ರಿ ಮೇಡಂ. ಯಾರೋ ಶರಣರು ಇರಬೇಕು." ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದ, ಮೆತ್ತಗಿನ ಮನುಷ್ಯ ಆತ. ನನ್ನನ್ನು ನೋಯಿಸಲು ಹೇಳಿದ್ದಲ್ಲ ಎಂದು ಗೊತ್ತಿದ್ದರೂ ಆ ದಿನವೆಲ್ಲ ಮುಖ ಗಂಟು ಹಾಕಿಕೊಂಡೇ ಇದ್ದೆ.

ಆ ದಿನಗಳಲ್ಲಿ ಒಂಟಿತನ ಹೊಟ್ಟೆಯೊಳಗೇ ಕೂತಿತ್ತು. ರಾಗಿ ಹಿಟ್ಟು ಹುಡುಕಿ ಪೇಟೆಯೆಲ್ಲ ಸುತ್ತಿದ್ದೆ. ಅಮ್ಮ ಫೋನಿನಲ್ಲಿ, "ಅದ್ಯಾವ ಊರವ್ವ, ಮುದ್ದೆಗೇ ಗತಿ ಇಲ್ದಿರೋದು? ಬಂದ್ಬುಡು ಮಗ" ಎನ್ನುತ್ತಿದ್ದಳು. ಚಾಚಿ ನನ್ನ ಮುಖ ನೋಡಿ ಒಂದು ಭಾನುವಾರ ಹಿಟ್ಟು ನಾದುವ ಪರಾತದ ಮುಂದೆ ಕೂರಿಸಿ ರೊಟ್ಟಿ ಬಡಿಯಲು ಕಲಿಸಿದರು. ನನ್ನ ಮೊದಲ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಮೂರು ತುಂಡಾಯಿತು. ಏಳನೆಯದು ಉಬ್ಬಿತು. ಉಬ್ಬಿದ ರೊಟ್ಟಿ ನೋಡಿ ನನಗೆ ಅಳು ಬಂತು, ಚಾಚಿ ಅದನ್ನು ಶೇಂಗಾ ಹಿಂಡಿ, ಅಂದರೆ ಕಡಲೆಕಾಯಿ ಚಟ್ನಿಪುಡಿ ಹಾಕಿ ನನಗೇ ತಿನ್ನಿಸಿದರು.

ಕಬ್ಬು ಅರೆಯುವ ಹಂಗಾಮು ಭರದಲ್ಲಿದ್ದಾಗ ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂಬ ಸುದ್ದಿ ಬಂತು. ನಾನು ಖಾಲಿ ಡ್ರಮ್ಮುಗಳ ಹಳೆಯ ಹರಕು ಚೀಟಿಗಳನ್ನೆಲ್ಲ ಕೆರೆಸಿ, ಒಂದೊಂದಕ್ಕೂ ಕನ್ನಡದ ಹೊಸ ಚೀಟಿ ಹಚ್ಚಿಸಿದೆ. ಹೆಸರು, ಚಿತ್ರ, ಎಚ್ಚರಿಕೆಯ ಎರಡು ಸಾಲು. ನೋಡಲು ಚೆಂದವಾಗಿದ್ದವು. ಆಮೇಲೆ ಕರಿ ಚಿಂದಿಗಳು ಕಣ್ಣಿಗೆ ಚುಚ್ಚತೊಡಗಿದವು.

"ಚಾಚಾ, ಇವನ್ನು ಬಿಚ್ಚಿಬಿಡೋಣ. ಬಂದವರು ನಗ್ತಾರೆ."

"ನಿಮ್ಮ ಚೀಟಿ ಇರಲಿ ಬಿಡ್ರಿ, ಅರಿವಿನೂ ಇರಲಿ. ಎರಡೂ ಇದ್ರ ಏನ ತೊಂದ್ರಿ ಅದ?"

"ಎರಡು ಪದ್ಧತಿ ಇದ್ರೆ ಗೊಂದಲ ಆಗುತ್ತೆ. ಚೀಟಿ ಓದಿದರೆ ಸಾಕು."

ಮನೆಯಲ್ಲಿ ನನ್ನನ್ನು ಮಗಳ ಹಾಗೆ ಏಕವಚನದಲ್ಲಿ ಕರೆಯುತ್ತಿದ್ದ ಚಾಚಾ ಕಾರ್ಖಾನೆಯಲ್ಲಿ ಬಹುವಚನ ಬಿಡುತ್ತಿರಲಿಲ್ಲ. ನಾನು ಮೇಲಿನವಳು, ಅವರು ಕೆಳಗಿನವರು. ಹೋಗಿ ಒಂದೊಂದೇ ಗಂಟನ್ನು ತಾವೇ ಬಿಚ್ಚಿದರು. ಇಪ್ಪತ್ತೆರಡು ವರ್ಷದ ಅಭ್ಯಾಸ. ಬಿಚ್ಚಿದ ಅರಿವಿಗಳನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ತಪಾಸಣೆಯವರು ಬಂದು ಚೀಟಿಗಳ ಫೋಟೊ ತೆಗೆದುಕೊಂಡು ನನ್ನನ್ನು ಹೊಗಳಿ ಹೋದರು.

ಇನ್ನು ನನ್ನ ಬುದ್ಧಿವಂತಿಕೆಯ ಕತೆ. ಕಾರ್ಖಾನೆಯಿಂದ ಅಂಟು ತರಿಸಲು ಹದಿನೈದು ದಿನವಾಗುತ್ತದೆಂದು ಚೀಟಿಗಳನ್ನು ಮೈದಾ ಅಂಟಿನಲ್ಲಿ ಹಚ್ಚಿಸಿದ್ದೆ. ಹಂಗಾಮಿನಲ್ಲಿ ಕಬ್ಬು ಕಡಿಯುವ ತಂಡಗಳು ಕಾರ್ಖಾನೆಯ ಸುತ್ತ ಗುಡಿಸಲು ಹಾಕುತ್ತವೆ, ಅವರ ಜೊತೆ ಆಡುಗಳು ಬರುತ್ತವೆ. ನಮ್ಮೂರಿನಲ್ಲಿ ಆಡು ಸಿನಿಮಾ ಪೋಸ್ಟರು ತಿನ್ನುವುದನ್ನು ಚಿಕ್ಕಂದಿನಿಂದ ನೋಡಿದವಳು ನಾನು. ಆದರೂ ಹೊಳೆಯಲಿಲ್ಲ.

ತಪಾಸಣೆ ಮುಗಿದ ಮೊದಲ ಭಾನುವಾರ ಬೆಳಗ್ಗೆ ಹತ್ತರ ಸುಮಾರಿಗೆ ಸ್ಟೋರಿನ ಹಿಂದೆ ಹೋದೆ. ಐದಾರು ಆಡುಗಳು ಡ್ರಮ್ಮುಗಳನ್ನು ನೆಕ್ಕುತ್ತಿದ್ದವು. ಒಂದರ ಬಾಯಲ್ಲಿ ನನ್ನ ಅಕ್ಷರಗಳು ಅರ್ಧ ಒಳಗೆ, ಅರ್ಧ ಹೊರಗೆ. ಬಿಸಿಲ ಕಡೆಯ ಸಾಲಿನಲ್ಲಿ ಒಂದು ಚೀಟಿಯೂ ಉಳಿದಿರಲಿಲ್ಲ. ಆಡುಗಳನ್ನು ಓಡಿಸಿ ಡ್ರಮ್ಮುಗಳನ್ನು ಎಣಿಸಿದೆ. ಮತ್ತೆ ಎಣಿಸಿದೆ. ಎರಡು ಕಡಿಮೆ ಇದ್ದವು. ಆ ಸಾಲಿನಲ್ಲಿ ಹೈಡ್ರಜೀನಿನ ಮೂರು ಖಾಲಿ ಡ್ರಮ್ಮುಗಳಿದ್ದವು. ಬುಡದಲ್ಲಿ ಅಚ್ಚೊತ್ತಿದ ಸಂಖ್ಯೆಗಳನ್ನು ನನ್ನ ಪಟ್ಟಿಯ ಜೊತೆ ಹೋಲಿಸಿದೆ. ಈಗ ಎರಡೇ ಇದ್ದವು. ಕಾಣೆಯಾದ ಇನ್ನೊಂದು ಫಾಸ್ಪರಿಕ್ಕಿನದು.

ಹೈಡ್ರಜೀನು ಬಾಯ್ಲರಿನ ನೀರಿಗೆ ಹಾಕುವ ದ್ರವ. ಕೊಳವೆ ತುಕ್ಕು ಹಿಡಿಯದಿರಲಿ ಎಂದು ಹಾಕುತ್ತಾರೆ. ನೋಡಲು ನೀರಿನಂತೆಯೇ ಇರುತ್ತದೆ. ಅದರ ಹಾಳೆಯಲ್ಲಿ ತಲೆಬುರುಡೆಯೂ ಇದೆ, ಕರಗುವ ಅಂಗೈಯೂ ಇದೆ, ಎದೆಯಲ್ಲಿ ನಕ್ಷತ್ರ ಒಡೆದ ಮನುಷ್ಯನೂ ಇದ್ದಾನೆ. ಕುಡಿದರೂ ವಿಷ, ಮೈಗೆ ತಾಗಿದರೂ ವಿಷ, ಉಸಿರಾಡಿದರೂ ವಿಷ.

ಚಾಚಾ ಮುಂಚಿನ ದಿನವೇ ರಜೆ ಹಾಕಿ ಆಳಂದಕ್ಕೆ ತಂಗಿಯ ಮನೆಗೆ ಹೋಗಿದ್ದರು. ಸ್ಟೋರಿನಲ್ಲಿದ್ದವನು ಸಹಾಯಕ ಈರಣ್ಣ.

"ಎರಡು ಡ್ರಮ್ಮು ಎಲ್ಲಿ ಈರಣ್ಣ?"

"ನಿನ್ನಿ ಶರಣಪ್ಪಗ ಕೊಟ್ಟೀನ್ರಿ ಮೇಡಂ. ಇವತ್ತ ಅವನ ಮಗಳ ಮದುವಿ ಅದಲ್ರಿ."

"ನೋಡದೆ ಕೊಟ್ಟೆಯಾ?"

"ನೋಡಿನೇ ಕೊಟ್ಟೀನ್ರಿ. ಚೀಟಿ ಇರಲಿಲ್ಲ." ಉಳಿದ ಡ್ರಮ್ಮುಗಳ ಹಿಡಿಕೆ ತೋರಿಸಿ ಹೇಳಿದ, "ಕರಿ ಅರಿವಿನೂ ಇರಲಿಲ್ಲ."

ಶರಣಪ್ಪನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಆಳಂದಕ್ಕೆ ಚಾಚಾಗೆ ಮಾಡಿದೆ. ಎಲ್ಲ ಹೇಳಿದೆ. ಒಂದು ಬೈಗುಳವನ್ನಾದರೂ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಬ್ಯಾಂಡಿನ ಗದ್ದಲದಾಗ ಶರಣಪ್ಪಗ ಫೋನ ಕೇಳಂಗಿಲ್ಲ. ರೆಹಾನಾ ಮುಂಜಾನೆನೇ ಮದುವಿಗಿ ಹೋಗ್ಯಾಳ, ಆಕಿಗಿ ಮಾಡ್ರಿ. ಎರಡರಾಗ ಯಾವುದು ಅಂತ ಮೂಗಿಗಿ ಗೊತ್ತಾಗಂಗಿಲ್ಲ. ಎರಡೂ ಚೆಲ್ರಿ. ನೀವು ಹೊರಡ್ರಿ, ನಿಂದರಬ್ಯಾಡ್ರಿ."

ಚಾಚಿ ನಾಲ್ಕನೆಯ ಸಲಕ್ಕೆ ಎತ್ತಿದರು. ಹಿಂದೆ ಬ್ಯಾಂಡಿನ ಅಬ್ಬರ.

"ಚಾಚಿ, ಅಲ್ಲಿ ನೀಲಿ ಡ್ರಮ್ಮು ಇವೆಯಾ?"

"ಎರಡು ಅದಾವ. ಒಂದು ಮಂದಿ ಕುಡ್ಯಾಕ, ಒಂದು ಕೈ ತೊಳ್ಯಾಕ. ಯಾಕವ್ವ?"

"ಆ ನೀರು ಯಾರೂ ಮುಟ್ಟಬಾರದು. ಒಂದರಲ್ಲಿ ವಿಷ ಇದ್ದದ್ದು."

"ಯಾವುದರಾಗ?"

"ಗೊತ್ತಿಲ್ಲ ಚಾಚಿ, ಗೊತ್ತಿಲ್ಲ."

"ಆಯ್ತು. ಜಲ್ದಿ ಬಾ." ಫೋನು ಕಟ್ಟಾಯಿತು.

ಹೈಡ್ರಜೀನಿನ ಹಾಳೆಯನ್ನು ನನ್ನ ಬಳಿಯಿದ್ದ ಫೈಲಿನಿಂದ ಕಿತ್ತುಕೊಂಡು ಗೇಟಿನ ಮುಂದೆ ನಿಂತಿದ್ದ ಆಟೊ ಹತ್ತಿದೆ. ಶರಣಪ್ಪನ ಊರು ಘತ್ತರಗಿ ದಾರಿಯಲ್ಲಿ. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದಕ್ಕೆ ಎರಡೆರಡು ಗಾಡಿ ಕಟ್ಟಿಕೊಂಡು ರಸ್ತೆ ತುಂಬಾ ತೂಗಾಡುತ್ತಿದ್ದವು. ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೊರಟ ಭಕ್ತರ ಜೀಪುಗಳು ಅವುಗಳ ಹಿಂದೆ ಸಿಕ್ಕಿಕೊಂಡು ಹಾರ್ನು ಬಾರಿಸುತ್ತಿದ್ದವು. ಅಕ್ಕಿಕಾಳು ಹನ್ನೆರಡೂವರೆಗೆ. ಅಕ್ಕಿಕಾಳು ಅಂದರೆ ನಮ್ಮ ಕಡೆಯ ಧಾರೆಯ ಹೊತ್ತು, ಬಂದವರೆಲ್ಲ ವಧೂವರರ ಮೇಲೆ ಅಕ್ಕಿ ತೂರುವುದು. ಅದಾದ ಕೂಡಲೇ ಪಂಕ್ತಿ ಕೂರುತ್ತದೆ, ಐನೂರು ಜನ ನೀರು ಕೇಳುತ್ತಾರೆ. ನಾಲ್ಕನೆಯ ಭಾಗವನ್ನು ಓದಿದೆ, ಮತ್ತೆ ಓದಿದೆ. ವಾಂತಿ ಮಾಡಿಸಬಾರದು. ತಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಲಕ್ಷಣಗಳು ತಡವಾಗಿ ಕಾಣಿಸಬಹುದು. ಈ ಸಾಲುಗಳನ್ನು ನಾನೇ ಕನ್ನಡಕ್ಕೆ ತಂದಿದ್ದೆ, ತಂದು ಆಡಿಗೆ ತಿನ್ನಿಸಿದ್ದೆ.

ನಾನು ತಲುಪಿದಾಗ ಹನ್ನೊಂದೂವರೆ ದಾಟಿತ್ತು. ಶಾಮಿಯಾನದ ಮೂಲೆಯಲ್ಲಿ ಎರಡು ನೀಲಿ ಡ್ರಮ್ಮು. ಅವುಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಬೆನ್ನು ಡ್ರಮ್ಮಿಗೆ ಆನಿಸಿ, ಹೊಸ ಸೀರೆಯ ಸೆರಗು ತಲೆಯ ಮೇಲೆ ಎಳೆದು ಚಾಚಿ ಕೂತಿದ್ದರು. ಸುತ್ತ ಖಾಲಿ ಲೋಟ ಹಿಡಿದ ಜನ. ಒಬ್ಬರೂ ಹತ್ತಿರ ಹೋಗುತ್ತಿರಲಿಲ್ಲ.

"ಏನು ಹೇಳಿದಿರಿ?" ಎಂದು ಕಿವಿಯಲ್ಲಿ ಕೇಳಿದೆ.

"ಹಲ್ಲಿ ಬಿದ್ದದ ಅಂದೆ. ಎರಡರಾಗೂ ಯಾಕ ಬ್ಯಾಡ ಅಂತ ಕೇಳಿದ್ರು. ಬಿದ್ದದ್ದು ನೋಡೀನಿ, ಯಾವುದರಾಗ ಅಂತ ನೆನಪಿಲ್ಲ ಅಂದೆ."

ಆ ಹೊತ್ತಿನಲ್ಲೂ ನನಗೆ ನಗು ಬಂದದ್ದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. ಎರಡು ತಿಂಗಳು ಹದಿನಾರು ಭಾಗಗಳನ್ನು ಅರೆದು ಕುಡಿಸಿ ನನ್ನಿಂದ ಆಗದ ಕೆಲಸ ಒಂದು ಇಲ್ಲದ ಹಲ್ಲಿಯಿಂದ ಆಗಿತ್ತು. ಯಾರಿಗೂ ಗಾಬರಿಯಿಲ್ಲ, ಯಾರೂ ಮುಟ್ಟುವುದೂ ಇಲ್ಲ. ನಗು ಬಂದಷ್ಟೇ ಬೇಗ ಹೋಯಿತು. ಗಂಡಿನ ಕಡೆಯವರು ಜೇವರ್ಗಿಯವರು. ಅವರಲ್ಲಿ ಹಿರಿಯಳಾದ, ವರನ ಸೋದರತ್ತೆ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು.

"ಮದುವಿ ನೀರಾಗ ಹಲ್ಲಿ ಬೀಳೂದು ಛಲೋ ಅಲ್ಲ. ಅಯ್ಯನೋರನ್ನ ಕೇಳ್ರಿ ಮೊದಲ. ಆಮ್ಯಾಲ ಅಕ್ಕಿಕಾಳು."

ಹಂದರದ ಕೆಳಗೆ ಬಾಸಿಂಗ ಕಟ್ಟಿಕೊಂಡು ಕೂತ ಹುಡುಗಿಗೆ ಆ ಮಾತು ಕೇಳಿಸಿತು. ಅವಳ ಮುಖ ನೋಡಿದೆ. ಈ ಮದುವೆಯ ಮನೆಗೆ ನನ್ನಿಂದ ಒಂದು ಹಲ್ಲಿ ಅಂಟಿಕೊಳ್ಳುತ್ತದೆ, ನಾಳೆ ಅವಳ ಸಂಸಾರದಲ್ಲಿ ಏನು ಕೆಟ್ಟರೂ ಅದು ಹಲ್ಲಿಯಿಂದಲೇ ಎನ್ನುತ್ತಾರೆ. ಮುರಿದ ಮದುವೆಗೆ ಊರವರು ಕಾರಣ ಹೇಗೆ ಹುಡುಕುತ್ತಾರೆಂದು ನನಗೆ ಗೊತ್ತು.

ಚಾಚಿ ನನ್ನ ಮಣಿಕಟ್ಟು ಹಿಡಿದರು. "ನೀರು ಚೆಲ್ಲಿಬಿಡೂಣು, ಸುಮ್ಮನಿರು. ಟ್ಯಾಂಕರ್ ತರಸ್ತಾರ. ಅಡಗಿ ಎಲ್ಲಾ ಟ್ಯಾಂಕರ್ ನೀರಾಗ ಆಗ್ಯಾದ. ಹಲ್ಲಿ ಅಂದ್ರ ಹಲ್ಲಿ, ನಿನ್ನ ಹೆಸರು ಬರಂಗಿಲ್ಲ."

"ಯಾರಾದರೂ ಕುಡಿದಿದ್ದರೆ?"

ಚಾಚಿಯ ಕೈ ಸಡಿಲಾಯಿತು.

ಎಷ್ಟು ಜನ ಕುಡಿದಿದ್ದೀರಿ ಎಂದು ಕೇಳಿದೆ. ಹಲ್ಲಿ ಬಿದ್ದ ನೀರು ಕುಡಿದೆನೆಂದು ಮದುವೆಮನೆಯಲ್ಲಿ ಯಾರು ಒಪ್ಪಿಕೊಳ್ಳುತ್ತಾರೆ? ಕುರ್ಚಿಯ ಮೇಲೆ ಹತ್ತಿ ನಿಂತೆ. ಬ್ಯಾಂಡಿನವರು ಯಾಕೋ ತಾವಾಗಿಯೇ ನಿಲ್ಲಿಸಿದರು.

"ಹಲ್ಲಿ ಬಿದ್ದಿಲ್ಲ. ಈ ಎರಡು ಡ್ರಮ್ಮಲ್ಲಿ ಒಂದರೊಳಗೆ ಮೊದಲು ಬಾಯ್ಲರಿಗೆ ಹಾಕೋ ವಿಷದ ಔಷಧಿ ಇತ್ತು. ಮಹಿಬೂಬ್ ಚಾಚಾ ಕರಿ ಅರಿವಿ ಕಟ್ಟಿ ಗುರುತು ಮಾಡಿದ್ರು. ನಾನು ಬಿಚ್ಚಿಸಿದೆ. ಶರಣಪ್ಪನವರದೂ ತಪ್ಪಲ್ಲ, ಹುಡುಗಿಯ ಹಣೆಬರಹವೂ ಅಲ್ಲ. ನನ್ನ ತಪ್ಪು. ಈ ನೀರು ಕುಡಿದವರು ದಯವಿಟ್ಟು ಹೇಳಿ, ಆಸ್ಪತ್ರೆಗೆ ಹೋಗಬೇಕು."

ಗಲಾಟೆ ಎದ್ದಿತು. ಯಾರೋ ನನ್ನ ಕುರ್ಚಿ ಎಳೆದರು. ಯಾರೋ ಅಂದರು, "ಎಲ್ಲಿಂದ ಬಂದಾಳ ಈಕಿ?" ಆ ಪ್ರಶ್ನೆ ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಆಗ ಹಂದರದಿಂದ ಶರಣಪ್ಪ ನಡೆದು ಬಂದ. ವಿಭೂತಿಯ ಮೇಲೆ ಬೆವರು ಹರಿದಿತ್ತು.

"ನಾ ಕುಡಿದೀನ್ರಿ. ಮಂದಿಗಿ ಕೊಡಾಕಿಂತ ಮೊದಲ ನಾ ಕುಡಿದು ನೋಡೀನಿ, ಒಂದು ಲೋಟ. ನಮ್ಮ ಭಾವ ಒಂದು ಗುಟುಕು ಕುಡಿದಾನ. ಮತ್ತ್ಯಾರೂ ಇಲ್ಲ."

"ಈಗಲೇ ಹೊರಡಿ."

"ಅಕ್ಕಿಕಾಳು ಬೀಳೂತನಕ ನಾ ಇಲ್ಲಿಂದ ಕದಲಂಗಿಲ್ರಿ."

"ಶರಣಪ್ಪ, ತಡವಾಗಿ ತೋರುತ್ತೆ ಇದು. ಇಲ್ಲಿ ಬರೆದಿದೆ, ನೋಡಿ." ಹಾಳೆಯನ್ನು ಅವನ ಮುಖಕ್ಕೆ ಹಿಡಿದೆ. ಇಂಗ್ಲಿಷಿನ ಆ ಹಾಳೆಯನ್ನು ಅವನು ಏನು ಓದಿಯಾನು?

"ಮೇಡಂ, ಒಬ್ಬಾಕಿನೇ ಮಗಳು ನನಗ." ದನಿ ಏರಿಸಲಿಲ್ಲ. ಅಳುತ್ತಿದ್ದ.

ಆಗ ಮಾತಾಡಿದವಳು ಜೇವರ್ಗಿಯ ಅದೇ ಸೋದರತ್ತೆ. "ಮುಹೂರ್ತ ಇಟ್ಟದ್ದು ಮನುಷ್ಯಾರೇ. ಈಗ ಹಾಕ್ರಿ ಅಕ್ಕಿಕಾಳು. ಬೀಗರು ಬದುಕಿದ್ರ ಮದುವಿ. ಅಯ್ಯನೋರ, ಬರ್ರಿ ಈ ಕಡಿ." ಮದುವೆ ಮಾಡಿಸುವ ಅಯ್ಯನವರು ಬಂದು ನಿಂತರು. ಐದು ನಿಮಿಷದಲ್ಲಿ ಅಕ್ಕಿ ಬಿತ್ತು. ನನ್ನ ಕೈಗೂ ಯಾರೋ ಅಕ್ಕಿ ಹಾಕಿದ್ದರು, ಹಾಕಲು ಧೈರ್ಯ ಬರದೆ ಹಾಗೇ ಮುಷ್ಟಿಯಲ್ಲಿ ಹಿಡಿದಿದ್ದೆ.

ಜೀಪಿನಲ್ಲಿ ಶರಣಪ್ಪ, ಅವನ ಭಾವ, ನಾನು. ಚಾಚಿ ಹಿಂದೆ ಉಳಿದು ಮಾಸ್ಕು ಕೈಗವಸು ಇಲ್ಲದ ಯಾರಿಗೂ ಡ್ರಮ್ಮು ಮುಟ್ಟಗೊಡಲಿಲ್ಲ. ಕಾರ್ಖಾನೆಯಿಂದ ಈರಣ್ಣ ಅವನ್ನು ತಂದುಕೊಟ್ಟ ಮೇಲೆಯೇ ಮುಚ್ಚಳ ಬಿಗಿದು ಗಾಡಿಗೇರಿಸಿದರಂತೆ. ಅಫಜಲಪುರದ ವೈದ್ಯರು ನನ್ನ ಹಾಳೆಯನ್ನು ಕೈಯಿಂದ ಕಸಿದಂತೆ ತೆಗೆದುಕೊಂಡು ನಿಂತಲ್ಲೇ ಓದಿದರು. ಮೊದಲು ನಾಲ್ಕನೆಯ ಭಾಗ, ಆಮೇಲೆ ವಿಷದ ಪರಿಣಾಮಗಳನ್ನು ಹೇಳುವ ಹನ್ನೊಂದನೆಯದು. ಕಲಬುರಗಿಗೆ ಫೋನು ಮಾಡಿ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೇಳಿದರು. "ಇದಿಲ್ಲದಿದ್ದರೆ ಏನಂತ ನೋಡಬೇಕು ಅನ್ನೋದೇ ನನಗೆ ಗೊತ್ತಾಗ್ತಿರಲಿಲ್ಲ" ಅಂದರು. ಅಷ್ಟು ದಿನ ಆ ಹಾಳೆ ಯಾರಿಗಾಗಿ ಬರೆದದ್ದು ಎಂದು ಸಿಟ್ಟಾಗುತ್ತಿದ್ದೆ. ಅದಕ್ಕೆ ಓದುಗರು ಇದ್ದರು, ಆದರೆ ಅವರು ಬೀರುವಿನ ಒಳಗಿರಲಿಲ್ಲ.

ಮೂರು ದಿನ ಇಬ್ಬರನ್ನೂ ಕಲಬುರಗಿಯಲ್ಲಿ ಇಟ್ಟುಕೊಂಡರು. ರಕ್ತ ಪರೀಕ್ಷೆ ಮೇಲೆ ರಕ್ತ ಪರೀಕ್ಷೆ. ಶರಣಪ್ಪನ ಹೆಂಡತಿ ಆಸ್ಪತ್ರೆಯ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲೇ ಕೂತಿರುತ್ತಿದ್ದಳು. ಒಂದು ಮಾತೂ ಆಡಲಿಲ್ಲ. ಗಂಡನ ಮನೆಗೆ ಹೋಗಬೇಕಾದ ಮಗಳು ಅರಿಶಿನದ ಕೈಯಲ್ಲೇ ಅಪ್ಪನ ಹಾಸಿಗೆಯ ಪಕ್ಕ ಇದ್ದಳು. ಇಬ್ಬರೂ ಬದುಕಿದರು. ಡ್ರಮ್ಮನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ ತೊಳೆದಿದ್ದರು ಎನ್ನುವುದೊಂದು ಪುಣ್ಯ. ಡ್ರಮ್ಮುಗಳಿಂದ ಹಿಡಿದಿಟ್ಟ ನೀರಿಗೆ ಲ್ಯಾಬಿನಲ್ಲಿ, ಹೈಡ್ರಜೀನಿದ್ದರೆ ಹಳದಿಯಾಗುವ ಪರೀಕ್ಷೆಯ ದ್ರವ ಹಾಕಿದೆ. ಕೈ ತೊಳೆಯುವ ಡ್ರಮ್ಮಿನದು ಹಾಗೇ ಇತ್ತು. ಕುಡಿಯುವ ಡ್ರಮ್ಮಿನದು ತೆಳ್ಳಗೆ ಹಳದಿಯಾಯಿತು.

ಮ್ಯಾನೇಜರರು ನನ್ನ ಕೈಗೆ ವರದಿಯ ಕರಡು ಕೊಟ್ಟರು. ಸ್ಟೋರಿನ ಹೊಣೆಗಾರ ರಜೆಯಲ್ಲಿದ್ದ, ಡ್ರಮ್ಮು ಹಂಚುವ ಅನಧಿಕೃತ ರೂಢಿಯೇ ಕಾರಣ ಎಂದಿತ್ತು. ನಾನು ಅದನ್ನು ಬದಿಗಿಟ್ಟು ಬೇರೆ ಬರೆದೆ: ಬಳಕೆಯಲ್ಲಿದ್ದ ಗುರುತನ್ನು, ಅದರ ಅರ್ಥ ವಿಚಾರಿಸದೆ, ನಾನು ತೆಗೆಸಿದೆ. ಸಹಿ ಹಾಕಿದೆ. ಕೆಲಸ ಹೋಗಲಿಲ್ಲ, ಹುದ್ದೆ ಒಂದು ಮೆಟ್ಟಿಲು ಇಳಿಯಿತು.

ಆಳಂದದಿಂದ ಬಂದ ಚಾಚಾ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಚಹಾ ಕುಡಿಯುತ್ತಾ ತಾವೇ ಹೇಳಿದರು, "ನಂದೂ ತಪ್ಪದವ್ವ. ಯಾವ ಡ್ರಮ್ಮಿಗಿ ಯಾಕ ಕಟ್ಟೀನಿ ಅಂತ ಈರಣ್ಣಗೂ ಹೇಳಿಲ್ಲ. ಎಲ್ಲಾ ನನ್ನ ತಲಿಯಾಗ ಇಟ್ಟಿದ್ದೆ. ನಾ ಸತ್ತಿದ್ರ ನನ್ನ ಜೊತಿ ಅದೂ ಮಣ್ಣಾಗತಿತ್ತು." ಈಗ ಡ್ರಮ್ಮುಗಳಿಗೆ ಕರಿ ಅರಿವಿಯೂ ಇದೆ, ಅಳಿಸದ ಬಣ್ಣದಲ್ಲಿ ಬರೆದ ಹೆಸರೂ ಇದೆ. ಹಾಳೆಗಳ ಫೈಲು ಗೇಟಿನಲ್ಲಿ ನೇತಾಡುತ್ತದೆ, ಆಸ್ಪತ್ರೆಗೆ ಹೋಗುವವರು ಮೊದಲು ಅದನ್ನು ಕೈಗೆತ್ತಿಕೊಳ್ಳಬೇಕೆಂದು ಎಲ್ಲರಿಗೂ ಗೊತ್ತು. ಆದರೆ ಮದುವೆಯ ಡ್ರಮ್ಮು ನಿಂತುಹೋಯಿತು. ಖಾಲಿಯಾದದ್ದನ್ನೆಲ್ಲ ಎರಡು ಹೋಳು ಮಾಡಿಯೇ ಹೊರಗೆ ಕಳಿಸಬೇಕೆಂದು ಆದೇಶವಾಯಿತು. ನಿಯಮ ಸರಿಯಾದದ್ದು, ನಾನೇ ಬರೆಯಬೇಕಿತ್ತು. ಆದರೂ ಮಗಳ ಮದುವೆ ಗೊತ್ತುಮಾಡಿದವರು ನನ್ನನ್ನು ಕಂಡಾಗ ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಅವರ ಮನೆಯ ನೀರಿನ ಪಾತ್ರೆಯನ್ನು ನಾನು ಕಿತ್ತುಕೊಂಡಿದ್ದೇನೆ.

ಯುಗಾದಿಗೆ ಊರಿಗೆ ಹೋಗಿದ್ದೆ. ಅಮ್ಮ ಕೊಟ್ಟ ಲೋಟವನ್ನು ಕುಡಿಯುವ ಮುಂಚೆ ಬೆಳಕಿಗೆ ಹಿಡಿದು, ಮೂಗಿನ ಹತ್ತಿರ ತಂದೆ. ನಾನು ಹಾಗೆ ಮಾಡಿದೆನೆಂಬುದು ಅಮ್ಮನ ಮುಖ ನೋಡಿದ ಮೇಲೇ ತಿಳಿದದ್ದು. "ಹೆತ್ತೋಳ ಮನೆ ನೀರನ್ನೂ ಮೂಸಿ ನೋಡ್ತೀಯಲ್ಲವ್ವ" ಅಂದಳು. ಮುದ್ದೆ ಬಡಿಸಿದಳು, ನಾನು ಅರ್ಧ ಬಿಟ್ಟೆ. ಕೈಗೆ ರೊಟ್ಟಿ ಬೇಕೆನ್ನಿಸುತ್ತಿತ್ತು, ಹೇಳಲಿಲ್ಲ.

ಹಿಂತಿರುಗಿದ ವಾರ ಶರಣಪ್ಪ ತೂಕದ ಕಟ್ಟೆಯಿಂದ ಲ್ಯಾಬಿಗೆ ಬಂದ. ಮಗಳು ಜೇವರ್ಗಿಯಿಂದ ತವರಿಗೆ ಬಂದಿದ್ದಾಳೆ, ಊಟಕ್ಕೆ ಬರಬೇಕು ಅಂದ. ಚಾಚಿಯ ಜೊತೆ ಹೋದೆ. ಪಡಸಾಲೆಯಲ್ಲಿ ನನ್ನನ್ನು ಕೂರಿಸಿದರು. ಎಣ್ಣೆಗಾಯಿ, ರೊಟ್ಟಿ, ಹೋಳಿಗೆ. ಅವನ ಹೆಂಡತಿ ಅಂದಿಗೂ ನನ್ನ ಜೊತೆ ಮಾತಾಡಲಿಲ್ಲ, ಆದರೆ ಬಡಿಸಿದಳು. ಮಗಳು ಹಿತ್ತಾಳೆಯ ಚೆಂಬಿನಲ್ಲಿ ನೀರು ತಂದು ಲೋಟಕ್ಕೆ ಬಗ್ಗಿಸಿ ನನ್ನ ಮುಂದಿಟ್ಟಳು. ಮನೆಯವರೆಲ್ಲ ಊಟಕ್ಕೆ ಕೂತಿದ್ದರು, ಯಾರೂ ತಮ್ಮ ಲೋಟ ಮುಟ್ಟಲಿಲ್ಲ.

"ಮೊದಲ ನೀವು ಕುಡೀರಿ ಮೇಡಂ," ಅಂದ ಶರಣಪ್ಪ. "ಆಮ್ಯಾಲ ನಾವು ಕುಡೀತೇವಿ."

ಮರ್ಯಾದೆಗೆ ಹೇಳಿದನೋ, ಪರೀಕ್ಷೆಗೆ ಹೇಳಿದನೋ, ಅವನ ಮುಖದಿಂದ ನನಗೆ ತಿಳಿಯಲಿಲ್ಲ. ಲೋಟವನ್ನು ಬೆಳಕಿಗೆ ಹಿಡಿಯದೆ, ಮೂಸದೆ, ಅಷ್ಟನ್ನೂ ಒಂದೇ ಉಸಿರಿಗೆ ಕುಡಿದೆ. ಆಮೇಲೆ ಅವರೂ ಕುಡಿದರು.